ಬಿಸಿನೀರಿಗೆ ಅದ್ದಬೇಕಿದ್ದದ್ದು ಹಣ್ಣೋ, ಕ್ರೇಟೋ?

ಇಂಗ್ಲಿಷ್ ವಾಕ್ಯದ ಕೊನೆಯಲ್ಲಿ ಬರುವ ವಿವರಣೆ ಯಾವ ನಾಮಪದಕ್ಕೆ ಸೇರುತ್ತೆ, ಹತ್ತಿರದ್ದಕ್ಕೇ ಅಂತ ನೆನಪಿಟ್ಟರೆ ಸಾಕಾ, ಇಲ್ಲ ಗ್ರಾಮರ್ ಕ್ಲಾಸಿಗೆ ಸೇರಲಾ ಅಂತ ಕೇಳಿದ್ದೀರಿ. ಆ 'ಹತ್ತಿರದ್ದು' ಅನ್ನೋ ನಿಯಮವನ್ನೇ ನಂಬಿ ನಾನು 300 ಕ್ರೇಟ್ ಮಾವು ಹಾಳು ಮಾಡಿದ್ದೇನೆ.

ಆಗ ಶ್ರೀನಿವಾಸಪುರದ ಒಂದು ಮಾವಿನ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಇಂಗ್ಲಿಷ್ ಬರುತ್ತೆ ಅಂತ ಹೊರಗಿನ ವ್ಯಾಪಾರಿಗಳ ಮೇಲ್ ಓದುವ ಕೆಲಸವೂ ನನ್ನದೇ. ದೆಹಲಿಯ ಒಬ್ಬರು ಬಾದಾಮಿ ಹಣ್ಣು ಕೇಳಿ ಬರೆದಿದ್ದರು: 'ಸೆಂಡ್ ಬಾದಾಮಿ ಮ್ಯಾಂಗೋಸ್ ಇನ್ ಪ್ಲಾಸ್ಟಿಕ್ ಕ್ರೇಟ್ಸ್ ಡಿಪ್ಡ್ ಇನ್ ಹಾಟ್ ವಾಟರ್ ಅಟ್ 52 ಡಿಗ್ರೀಸ್.'

ಬಿಸಿನೀರಿಗೆ ಅದ್ದಿದ್ದು ಯಾವುದು? 'ಡಿಪ್ಡ್' ಪಕ್ಕದಲ್ಲಿ 'ಕ್ರೇಟ್ಸ್' ಇದೆ. ಸರಿ, ಕ್ರೇಟು ಅಂದುಕೊಂಡೆ. ಹಿಂದಿನ ವರ್ಷ ಕ್ರೇಟು ಗಲೀಜಾಗಿದೆ ಅಂತ ಅವರೇ ದೂರು ಹೇಳಿದ್ದರು, ಹಾಗಾಗಿ ಅನುಮಾನವೇ ಬರಲಿಲ್ಲ. ಶೆಡ್ಡಿನವರಿಗೆ ಚೀಟಿ ಬರೆದುಕೊಟ್ಟೆ: 'ಬಿಸಿನೀರಿಗೆ ಅದ್ದಿದ ಕ್ರೇಟಿನಲ್ಲಿ ಬಾದಾಮಿ ತುಂಬಿಸಿ.' ಮೇಸ್ತ್ರಿ ಚೀಟಿ ನೋಡಿ, "ಅಣ್ಣಾ, ಕ್ರೇಟು ತೊಳೆಯೋಕೆ 52 ಡಿಗ್ರಿ ಲೆಕ್ಕ ಯಾಕಣ್ಣಾ?" ಅಂತ ಕೇಳಿದರು. "ಇಂಗ್ಲಿಷಲ್ಲಿ ಹಾಗೇ ಇದೆ" ಅಂದುಬಿಟ್ಟೆ. ಆ ಮಾತು ನನಗೆ ಈಗಲೂ ಚುಚ್ಚುತ್ತೆ. ಅವರು ಕೇಳಿದ್ದೇ ಸರಿಯಾದ ಪ್ರಶ್ನೆ.

ಅದ್ದಬೇಕಿದ್ದದ್ದು ಹಣ್ಣನ್ನು. ಮಾವಿಗೆ ಚಿಬ್ಬು ರೋಗ ಅಂತ ಒಂದಿದೆ. ಅದರ ಶಿಲೀಂಧ್ರ ಕಾಯಿಯ ಸಿಪ್ಪೆಯಲ್ಲೇ ಅಡಗಿ ಕೂತಿರುತ್ತೆ, ಹಸಿರಾಗಿದ್ದಾಗ ಏನೂ ಕಾಣಲ್ಲ. ಹಣ್ಣಾಗುತ್ತಾ ಬಂದಂತೆ ಕಪ್ಪು ಚುಕ್ಕೆ ಏಳುತ್ತೆ. ಅದಕ್ಕೇ ಕಾಯಿಯನ್ನು ಸುಮಾರು 52 ಡಿಗ್ರಿ ನೀರಿನಲ್ಲಿ ಕೆಲವು ನಿಮಿಷ ಅದ್ದಿ ತೆಗೆಯುತ್ತಾರೆ. ನಾವು ಕಳಿಸಿದ ಕಾಯಿ ಇಲ್ಲಿ ಚೆನ್ನಾಗೇ ಇತ್ತು. ದೆಹಲಿಯಲ್ಲಿ ಇಳಿಸಿ ಹಣ್ಣಿಗೆ ಹಾಕಿದ ಮೇಲೆ ಚುಕ್ಕೆ ಎದ್ದಿತು. ಅರ್ಧಕ್ಕರ್ಧ ಬೆಲೆ ಮುರಿದುಕೊಂಡರು. ಕ್ರೇಟು ಮಾತ್ರ ಫಳಫಳ ಅಂತಿತ್ತು.

ಆಮೇಲೆ ಆ ಮೇಲ್ ಎಷ್ಟು ಸಲ ಓದಿದೆನೋ. ಮುಂದಿನ ಸಾಲಿನಲ್ಲೇ 'ಡ್ರೈ ದೆಮ್ ಇನ್ ಶೇಡ್ ಬಿಫೋರ್ ಪ್ಯಾಕಿಂಗ್' ಅಂತ ಇತ್ತು. ನೆರಳಲ್ಲಿ ಯಾಕೆ ಒಣಗಿಸಬೇಕು? ಕ್ರೇಟನ್ನು ಬಿಸಿಲಿಗೆ ಹಾಕಿದರೆ ಏನಾಗುತ್ತೆ? ಬಿಸಿಲು ತಾಗಬಾರದ್ದು ಹಣ್ಣಿಗೆ. ಇನ್ನು 52 ಅನ್ನೋ ಅಂಕಿ. ಪಾತ್ರೆ ತೊಳೆಯೋಕೆ ಯಾರಾದರೂ ಥರ್ಮಾಮೀಟರ್ ಇಡ್ತಾರಾ? ಉತ್ತರ ವ್ಯಾಕರಣದಲ್ಲಿ ಇರಲಿಲ್ಲ, ಕೆಲಸದಲ್ಲಿತ್ತು. ಮೇಸ್ತ್ರಿಗೆ ಇಂಗ್ಲಿಷ್ ಬರಲ್ಲ, ಆದರೆ ಅವರಿಗೆ ತಕ್ಷಣ ಹೊಳೆದಿತ್ತು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಎಲ್ಲಾ ವಾಕ್ಯಕ್ಕೂ ಆಗಿಬರುವ ನಿಯಮ ಇಲ್ಲ. ಹುಟ್ಟಿದಾಗಿಂದ ಇಂಗ್ಲಿಷ್ ಆಡುವವರೂ ಇದರಲ್ಲಿ ಜಗಳ ಆಡಿದ್ದಾರೆ. 2016ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಲಾಕ್‌ಹಾರ್ಟ್ ಕೇಸ್ ಬಂತು. ಕಾನೂನಿನಲ್ಲಿ ಮೂರು ಅಪರಾಧಗಳ ಹೆಸರು, ಕೊನೆಯಲ್ಲಿ 'ಅಪ್ರಾಪ್ತರ ಮೇಲಿನ' ಅನ್ನೋ ಅರ್ಥದ ಮಾತು. ಆ ಮಾತು ಕೊನೆಯ ಅಪರಾಧಕ್ಕೆ ಮಾತ್ರವೋ, ಮೂರಕ್ಕೂವೋ? ಆರು ನ್ಯಾಯಮೂರ್ತಿಗಳು ಕೊನೆಯದಕ್ಕೆ ಮಾತ್ರ ಅಂದರು, ಇಬ್ಬರು ಮೂರಕ್ಕೂ ಅಂದರು. ಒಬ್ಬ ಮನುಷ್ಯನಿಗೆ ಕನಿಷ್ಠ 10 ವರ್ಷ ಜೈಲು ಕಡ್ಡಾಯವೋ ಇಲ್ಲವೋ ಅನ್ನೋದು ಅದರ ಮೇಲೆ ನಿಂತಿತ್ತು.

ಕನ್ನಡದಲ್ಲಿ ಈ ತೊಂದರೆ ಇಲ್ಲ ಅಂತಲೂ ಬರೆದಿದ್ದೀರಿ. ಇದೆ. 'ಚಿಕ್ಕ ಮಕ್ಕಳ ಆಸ್ಪತ್ರೆ' ಅಂದರೆ ಚಿಕ್ಕದು ಮಕ್ಕಳೋ, ಆಸ್ಪತ್ರೆಯೋ? ಸಂದರ್ಭ ನೋಡಿ ಗೊತ್ತು ಮಾಡಿಕೊಳ್ಳುತ್ತೇವೆ, ಅಲ್ವಾ?

ನಾನು ಈಗ ಮಾಡೋದು ಇಷ್ಟು. ಅನುಮಾನ ಬಂದ ವಾಕ್ಯವನ್ನು ಕನ್ನಡದಲ್ಲಿ ಎರಡು ಥರ ಬರೆಯುತ್ತೇನೆ. 'ಬಿಸಿನೀರಿಗೆ ಅದ್ದಿದ ಕ್ರೇಟಿನಲ್ಲಿ ಬಾದಾಮಿ' ಒಂದು, 'ಕ್ರೇಟಿನಲ್ಲಿ, ಬಿಸಿನೀರಿಗೆ ಅದ್ದಿದ ಬಾದಾಮಿ' ಇನ್ನೊಂದು. ಕನ್ನಡದಲ್ಲಿ ವಿವರಣೆ ಪದದ ಮುಂಚೆ ಬರೋದರಿಂದ ಅದನ್ನು ಎಲ್ಲಿ ಇಡಬೇಕು ಅಂತ ನೀವೇ ತೀರ್ಮಾನ ಮಾಡಲೇಬೇಕಾಗುತ್ತೆ. ನಾನು ಅವತ್ತು ಒಂದೇ ಬರೆದೆ. ಎರಡನೆಯದನ್ನೂ ಬರೆದು ಮೇಸ್ತ್ರಿ ಮುಂದೆ ಇಟ್ಟಿದ್ದರೆ ಅವರೇ ಬೆರಳಿಟ್ಟು ತೋರಿಸುತ್ತಿದ್ದರು. ಆಗಲೂ ಗೊತ್ತಾಗದಿದ್ದರೆ ಬರೆದವರಿಗೇ ಫೋನ್ ಮಾಡಿ. ಎರಡು ನಿಮಿಷದ ಮಾತು.

ವ್ಯಾಕರಣದ ಸುಳಿವು ಕೆಲವು ಸಲ ಸಿಗುತ್ತೆ. 'ಹೂ' (who) ಇದ್ದರೆ ಮನುಷ್ಯರು, 'ವಿಚ್' (which) ಇದ್ದರೆ ವಸ್ತು. 'ಈಸ್' ಬಂದರೆ ಒಂದು, 'ಆರ್' ಬಂದರೆ ಹಲವು. 'ಡಿಪ್ಡ್' ಥರದ ಪದದಲ್ಲಿ ಯಾವ ಸುಳಿವೂ ಇರಲ್ಲ. ಪರೀಕ್ಷೆಯಲ್ಲಿ ತಪ್ಪು ಹುಡುಕಿ ಅಂತ ಕೇಳಿದರೆ ಹತ್ತಿರದ ನಿಯಮವನ್ನೇ ಬಳಸಿ, ಅಲ್ಲಿ ಸಾಮಾನ್ಯವಾಗಿ ಅದೇ ಬೇಕು. ಇದಕ್ಕೋಸ್ಕರ ಸುಮ್ನೆ ಕ್ಲಾಸಿಗೆ ದುಡ್ಡು ಕಟ್ಟಬೇಡಿ.

ನಿಮ್ಮನ್ನು ಕಾಡಿದ ವಾಕ್ಯ ಯಾವುದು ಅಂತ ನೀವು ಬರೆದಿಲ್ಲ. ಇಲ್ಲೇ ಹಾಕಿ, ಒಟ್ಟಿಗೆ ನೋಡೋಣ. ಅದರ ಹಿಂದಿನ ಮುಂದಿನ ಸಾಲುಗಳನ್ನೂ ಸೇರಿಸಿ ಹಾಕಿ.