ಪುಗ್ಗಾಕ್ಕೂ ಪರ್ಮಿಷನ್ ಬೇಕೇನ್ರಿ?

ಜಮಖಂಡಿಯಿಂದ ಒಬ್ಬ ಮಾಸ್ತರ್ರು ಬರದಾರ: ಸಾಲಿ ಗ್ಯಾದರಿಂಗ್‌ದಾಗ ಐನೂರು ಗ್ಯಾಸ್ ಪುಗ್ಗಾ (ಬಲೂನು) ಬಿಡೋರಿದ್ವಿ, ಪೊಲೀಸ್ ಸ್ಟೇಷನ್‌ದವ್ರು ಪರ್ಮಿಷನ್ ಎಲ್ಲಿ ಅಂದ್ರು, ವಿಮಾನ ನಿಲ್ದಾಣನ ಇಲ್ಲದ ಊರಾಗ ಇದೇನ್ ಕಾಟ ಅಂತ.

ಮಾಸ್ತರ್ರ, ಹುಡುಗ್ರ ಖುಷಿ ಸುಳ್ಳಲ್ಲ, ಒಪ್ಪಿದೆ. ಆದ್ರ ನನ್ನ ಓಟು ಸ್ಟೇಷನ್‌ದವ್ರಿಗೆ. ಗಾಳಿಗೆ ಬಿಟ್ಟಿದ್ದು ತಾಲೂಕಿನ ಗಡಿ ನೋಡಿ ನಿಲ್ಲೂದಿಲ್ರಿ. ಬೆಳಗಾವಿ ವಿಮಾನ ನಿಲ್ದಾಣ ಇರೋ ಸಾಂಬ್ರಾದಂಥಾ ಕಡೆ ಕೇಳದ ಬಿಟ್ರಂತೂ ಪೈಲಟ್ಟಿಗೆ ತಲಿಬ್ಯಾನಿ, ಬೆಳ್ಳಿ ಹಾಳಿ ಪುಗ್ಗಾ ಕರೆಂಟ್ ತಂತಿಗೆ ತಾಗಿದ್ರ ಶಾರ್ಟ್ ಸರ್ಕ್ಯೂಟ್.

1986ರಾಗ ಅಮೆರಿಕಾದ ಕ್ಲೀವ್‌ಲ್ಯಾಂಡ್‌ದಾಗ ರೆಕಾರ್ಡ್ ಮಾಡ್ತೀವಿ ಅಂತ 15 ಲಕ್ಷದ ಹತ್ರ ಹತ್ರ ಪುಗ್ಗಾ ಬಿಟ್ರು, ಮಳಿ ಗಾಳಿ ಬಂತು, ಎಲ್ಲಾ ವಾಪಸ್ ಕೆಳಗ, ರನ್‌ವೇ ಬಂದ್, ಕೆರಿ ತುಂಬ ಪುಗ್ಗಾ ತೇಲಾಕತ್ತು, ಅದ ಹೊತ್ತಿನಾಗ ಈರಿ ಸರೋವರದಾಗ ಕಾಣೆಯಾದ ಇಬ್ರು ಮೀನು ಹಿಡಿಯೋರನ್ನ ಹುಡುಕೋರಿಗೆ ನೀರಾಗಿರೂದು ತಲಿಯೋ ಪುಗ್ಗಾನೋ ಗೊತ್ತಾಗಲಿಲ್ಲ. ಇಬ್ರೂ ಉಳೀಲಿಲ್ಲ. ಫ್ಲೋರಿಡಾದಾಗ 2024ರಿಂದ ಬೇಕಂತ ಬಿಡೂದಕ್ಕ ನಿಷೇಧನ ಐತಿ.

ಇನ್ನ ನಿಮ್ಮ ಪುಗ್ಗಾದಾಗ ಹೀಲಿಯಂ ಇತ್ತೋ ಹೈಡ್ರೋಜನ್ನೋ ಕೇಳಿದ್ರೇನು? ಜಾತ್ರ್ಯಾಗ ಸೋವಿ ಅಂತ ಕಾಸ್ಟಿಕ್ ಸೋಡಾಕ್ಕ ಅಲ್ಯುಮಿನಿಯಂ ಚೂರು ಹಾಕಿ ಹಳೇ ಸಿಲಿಂಡರ್‌ನಾಗ ಗ್ಯಾಸ್ ತಯಾರ್ ಮಾಡೋರದಾರ, ಅದು ಹೈಡ್ರೋಜನ್ನು, ಬೀಡಿ ಕಿಡಿ ಸಾಕು. ಹೀಲಿಯಂ ಉರಿಯೂದಿಲ್ಲ, ಖರೆ. ಆದ್ರ ಅದು ಸೋವಿ ಮಾಲಲ್ಲ, ನಮ್ಮ ದೇಶಕ್ಕ ಹೆಚ್ಚೂ ಕಡಿಮಿ ಪೂರ್ತಿ ಹೊರಗಿಂದನ ಬರ್ತದ, ಎಂಆರ್‌ಐ ಮಷಿನ್ನಿನ ಮ್ಯಾಗ್ನೆಟ್ಟು ತಣ್ಣಗಿಡಾಕ ಅದ ಬೇಕು. ಮ್ಯಾಲ ಹೋಗಿದ್ದು ಯಾರ ಕೈಗೂ ವಾಪಸ್ ಸಿಗೂದಿಲ್ಲ.

ಈ ಹೀಲಿಯಂ ಕಥಿ ನಿಮಗ ಗೊತ್ತಿರಬೇಕಿತ್ತು, ಜಮಖಂಡಿಯವ್ರು ನೀವು! 1868ರ ಆಗಸ್ಟ್ 18ರ ಖಗ್ರಾಸ ಗ್ರಹಣಕ್ಕ ಬ್ರಿಟಿಷ್ ಲೆಫ್ಟಿನೆಂಟ್ ಜಾನ್ ಹರ್ಷೆಲ್ ನಿಮ್ಮೂರಿಗೇ ಬಂದು ಸೂರ್ಯನ ಅಂಚಿನ ಬೆಳಕಿನಾಗ ಕೆಂಪು, ಕಿತ್ತಳಿ, ನೀಲಿ ಗೆರಿ (ಯಾವ ಗ್ಯಾಸ್ ಐತಿ ಅಂತ ಹೇಳೋ ಗುರುತು) ನೋಡಿದ್ರು, ಅದ ದಿನ ಗುಂಟೂರಿನಾಗ ಫ್ರಾನ್ಸಿನ ವಿಜ್ಞಾನಿ ಜಾನ್ಸೆನ್ ನೋಡಿದ್ರು. ಆ ಕಿತ್ತಳಿ ಗೆರಿ ಸೋಡಿಯಂದು ಅಂತ ಹರ್ಷೆಲ್ ತಿಳ್ಕೊಂಡ್ರು. ಆಮ್ಯಾಲ ಅದು ಹೀಲಿಯಂದು ಅಂತ ತಿಳೀತು, ಭೂಮಿ ಮ್ಯಾಲ ಅದನ್ನ ರಸಾಯನ ವಿಜ್ಞಾನಿ ರಾಮ್ಸೆ ಕಂಡಿದ್ದು 1895ಕ್ಕ. ಸಾಲ್ಯಾಗ ಇದನ್ನ ಹೇಳಿದ್ದು ನಾ ಎಲ್ಲೂ ಕೇಳಿಲ್ಲ, ಪುಗ್ಗಾ ಬಿಡಸೋದು ಮಾತ್ರ ಎಲ್ಲಾ ಕಡೆ.

ನಂದು ಸಿಟ್ಟು ಪುಗ್ಗಾದ ಮ್ಯಾಲ ಅಷ್ಟ ಅಲ್ಲ ಬಿಡ್ರಿ, ಈ ಉದ್ಘಾಟನೆ ಚಟದ ಮ್ಯಾಲ. ಫ್ಲೆಕ್ಸು, ಶಾಲು, ಹಾರ, ಹುಡುಗ್ರು ಬಿಸಲಾಗ, ಅತಿಥಿಗಳು ಇನ್ನೂ ದಾರ್ಯಾಗ. ಮುಂದಿನ ವರ್ಷ ಬಾಯಿಲೇ ಊದಿದ ಪುಗ್ಗಾ ಗೇಟಿಗೆ ಕಟ್ರಿ, ಮುಗಿದ ಮ್ಯಾಲ ಹುಡುಗ್ರಿಗೆ ಹಂಚ್ರಿ, ಅತಿಥಿಗಳು ತಡಾ ಮಾಡಿದ್ರ ಅವ್ರನ್ನ ಬಿಟ್ಟ ಶುರು ಮಾಡ್ರಿ.

– ಸಂ.