ಮೀಟಿಂಗ್‌ಗೆ ಹೋದರೆ ಊರಿಗೆಲ್ಲ ಗೊತ್ತಾಗುತ್ತಾ?

ಪ್ರಶ್ನೆ: ನಮ್ಮ ಯಜಮಾನರು ಕುಡಿತ ಬಿಡಬೇಕು ಅಂತಿದ್ದಾರೆ. ಆದರೆ ಎಎ, ಅಂದರೆ ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಗುಂಪಿನ ಮೀಟಿಂಗ್‌ಗೆ ಹೋಗಲು ನಾಚಿಕೆ. ಏನು ಮಾಡಲಿ?

ಉತ್ತರ: ಬಿಡಬೇಕು ಅಂತ ಅವರೇ ಹೇಳಿದ್ದಾರಲ್ವಾ ತಾಯಿ, ಆಲ್ಕೊಹಾಲಿಕ್ಸ್ ಅನಾನಿಮಸ್ ಸೇರಲು ಅಷ್ಟು ಸಾಕು. ಫೀಸಿಲ್ಲ. ಪೂರ್ತಿ ಹೆಸರು ಹೇಳಬೇಕಾಗಿಲ್ಲ, ಹಿಂದಿನ ಕುರ್ಚಿಯಲ್ಲಿ ಕೂತು ಬೇರೆಯವರ ಮಾತು ಸುಮ್ನೆ ಕೇಳಿಸಿಕೊಂಡು ಎದ್ದು ಬಂದರೂ ಯಾರೂ ಏನೂ ಅನ್ನುವುದಿಲ್ಲ. ಪರಿಚಯದವರು ಸಿಕ್ಕಾರು ಅನ್ನುವ ಭಯವಿದ್ದರೆ ಪಕ್ಕದ ಊರಿನ ಮೀಟಿಂಗ್‌ಗೆ ಹೋಗಲಿ, ಆನ್‌ಲೈನ್‌ನಲ್ಲೂ ನಡೆಯುತ್ತವೆ. ಹೊರಗಿನವರೂ ಬರಬಹುದಾದ ಓಪನ್ ಮೀಟಿಂಗ್ ಆದರೆ ನೀವೂ ಜೊತೆಗೆ ಹೋಗಬಹುದು. ಮನೆಯವರಿಗೆಂದೇ ಅಲ್-ಅನಾನ್ ಅನ್ನುವ ಗುಂಪು ಇದೆ, ನಿಮ್ಮ ಸಂಕಟಕ್ಕೂ ಒಂದು ಜಾಗ ಬೇಕು.

ಒಂದು ಮಾತ್ರ ಮರೆಯಬೇಡಿ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗಿ ಫಿಟ್ಸ್ ಬರಬಹುದು, ಮೊದಲು ಡಾಕ್ಟರಿಗೆ ತೋರಿಸಿ. ಯಾರನ್ನು ಕೇಳುವುದು ಅಂತ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.