ಗೆತ್‌ನ ನಕಲು ದೋಷದ ಬಗ್ಗೆ

ಹಣ ಕಳವಾಗದಿದ್ದರೂ, ಎಥೀರಿಯಂ ಬ್ಲಾಕ್‌ಚೈನ್ ಜಾಲವನ್ನು ನಡೆಸುವ ತಂತ್ರಾಂಶವಾದ ಗೆತ್‌ನ ಎಥೀರಿಯಂ ವರ್ಚುವಲ್ ಮಷೀನ್‌ನಲ್ಲಿದ್ದ (ಜಾಲದ ಪ್ರೋಗ್ರಾಮ್‌ಗಳನ್ನು ಓಡಿಸುವ ಭಾಗದಲ್ಲಿದ್ದ) ನಕಲು ದೋಷವನ್ನು ಗಂಭೀರವೆಂದದ್ದೇಕೆ ಎಂದು ತಾವು ಕೇಳಿದ್ದೀರಿ. ನಾಲ್ಕನೆಯ ವಿಳಾಸದಲ್ಲಿರುವ ಅಂತರ್ನಿರ್ಮಿತ ಕಾಂಟ್ರ್ಯಾಕ್ಟ್‌ನ (ಜಾಲದೊಳಗೇ ಓಡುವ ಪುಟ್ಟ ಪ್ರೋಗ್ರಾಮ್‌ನ) ಕೆಲಸ ಕೊಟ್ಟ ದತ್ತಾಂಶವನ್ನು ಹಾಗೆಯೇ ಮರಳಿಸುವುದಷ್ಟೆ; ಆದರೆ ಗೆತ್ ಹೊಸ ಪ್ರತಿಯನ್ನು ಮಾಡದೆ ಮೂಲ ಮೆಮೊರಿಯನ್ನೇ ತೋರಿಸಿಕೊಡುತ್ತಿದ್ದುದರಿಂದ, ಕರೆ ಮುಗಿದ ಬಳಿಕ ಆ ಮೆಮೊರಿಯನ್ನು ತಿದ್ದಿದರೆ ಮರಳಿ ಬಂದ ದತ್ತಾಂಶವೂ ಬದಲಾಗುತ್ತಿತ್ತು. ಹೀಗೆ ಒಂದೇ ವಹಿವಾಟಿಗೆ ಬೇರೆ ಬೇರೆ ನೋಡ್‌ಗಳಲ್ಲಿ (ಜಾಲದ ಕಂಪ್ಯೂಟರ್‌ಗಳಲ್ಲಿ) ಎರಡು ಉತ್ತರಗಳು ಬಂದರೆ ವಹಿವಾಟುಗಳ ದಾಖಲೆಯ ಸರಪಳಿಯೇ ಸೀಳುತ್ತದೆ. ಎಲ್ಲ ನೋಡ್‌ಗಳ ಲೆಕ್ಕವೂ ಒಂದೇ ಆಗಿರಬೇಕೆಂಬುದೇ ಈ ವ್ಯವಸ್ಥೆಯ ಬುನಾದಿಯಾದ್ದರಿಂದ, ನನ್ನ ದೃಷ್ಟಿಯಲ್ಲಿ ಇದು ಕಳವಿಗಿಂತಲೂ ಆತಂಕಕಾರಿ. 1.9.17ನೆಯ ಆವೃತ್ತಿಯಲ್ಲಿ ಇದನ್ನು ಸದ್ದಿಲ್ಲದೆ ಸರಿಪಡಿಸಲಾಗಿತ್ತು. ಹಳೆಯ ಆವೃತ್ತಿಯಲ್ಲೇ ಉಳಿದಿದ್ದ ನೋಡ್‌ಗಳು 2020ರ ನವೆಂಬರ್ 11ರಂದು ಬೇರೆ ಕವಲಿಗೆ ಹೊರಳಿದವು. ತಮ್ಮ ಖಾಸಗಿ ಜಾಲವು 1.9.7ರಿಂದ 1.9.16ರವರೆಗಿನ ಯಾವುದಾದರೂ ಆವೃತ್ತಿಯ ಮೇಲೆ ನಿಂತಿದ್ದರೆ, ದಯವಿಟ್ಟು ತಡಮಾಡದೆ ಅದನ್ನು ಬದಲಿಸಿ.